ಫಿನಾಯಿಲ್ ಹಾಕಿದ ಹೊಲ

ಫೆಬ್ರವರಿ 6, ಗುರುವಾರ

ಥೂ! ಸೋಪು ಹಚ್ಚಿ ಎರಡು ಸಲ ಕೈ ತೊಳೆದೆ, ನಾತ ಹೋಗಲಿಲ್ಲ. ಕುರಿ ಮುಟ್ಟಿದೆನೇ? ಇಲ್ಲ. ಗೇಟಿನ ಹತ್ತಿರ ಸುಮ್ಮನೆ ನಿಂತಿದ್ದೆ, ಅಷ್ಟಕ್ಕೇ ಇಷ್ಟು.

ಇವರಿಗೆ ಹೇಳಿದರೆ ನಗುತ್ತಾರೆ. ಹೇಳಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಅದಕ್ಕೇ ಕಪಾಟಿನಲ್ಲಿ ಖಾಲಿ ಬಿದ್ದಿದ್ದ ಈ ಡೈರಿ ತೆಗೆದಿದ್ದೇನೆ. ಇದಕ್ಕಾದರೂ ಮೂಗಿಲ್ಲ, ಬಾಯಿಯೂ ಇಲ್ಲ.

ಆದದ್ದಿಷ್ಟು. ಇವರು, ಸದಾಶಿವಪ್ಪನವರು, ಹೋದ ವಾರ ಕಾಲುವೆ ಏರಿಯ ಮೇಲೆ ಜಾರಿ ಪಾದದ ಮೂಳೆ ಮುರಿದುಕೊಂಡರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಪಡಸಾಲೆಯ ಮಂಚದ ಮೇಲೆ ರಾಜರಂತೆ ಮಲಗಿದ್ದಾರೆ. ಬೀಳುವ ಮೊದಲು ಮಾಡಿಟ್ಟ ಕೆಲಸ ನೋಡಿ: ಶಿಕಾರಿಪುರದ ಸಂತೆಯಲ್ಲಿ ಕುರಿಯವರ ಉಜ್ಜಪ್ಪನಿಗೆ ವೀಳ್ಯ ಕೊಟ್ಟು, ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಲು ಒಪ್ಪಿಸಿ ಬಂದಿದ್ದಾರೆ. ಕುರಿಯವನು ಎಲೆ ಅಡಿಕೆ ತೆಗೆದುಕೊಂಡನೆಂದರೆ ಮುಗಿಯಿತು, ಮಾತು ಬದಲಿಸುವಂತಿಲ್ಲ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಮನೆ ಇರುವುದೇ ಹೊಲದ ಅಂಚಿನಲ್ಲಿ. ಈಸೂರಿನ ರಸ್ತೆಯಲ್ಲಿ ಹೋಗುವವರಿಗೆಲ್ಲ ಮನೆಯೂ ಕಾಣುತ್ತದೆ, ಹೊಲವೂ ಕಾಣುತ್ತದೆ, ಈಗ ಹಿಂಡು ಕುರಿಯೂ ಕಾಣುತ್ತದೆ. ಹಗಲೆಲ್ಲ ಅವು ಮೇಯಲು ಹೋಗುತ್ತವೆ. ಸಂಜೆ ಬಂದು ಬಲೆ ಕಟ್ಟಿದ ಚೌಕದೊಳಗೆ ಮಲಗುತ್ತವೆ. ಬೆಳಗಾಗುವಷ್ಟರಲ್ಲಿ ಆ ಜಾಗವೆಲ್ಲ ಹಿಕ್ಕೆ, ಉಚ್ಚೆ. ಮರುದಿನ ಬಲೆ ಪಕ್ಕಕ್ಕೆ ಸರಿಯುತ್ತದೆ. ಹೀಗೆ ಸರಿಯುತ್ತ ಸರಿಯುತ್ತ ಹೊಲದ ಆ ತುದಿಯಿಂದ ಈ ತುದಿಗೆ, ಅಂದರೆ ನನ್ನ ಅಡುಗೆಮನೆಯ ಕಿಟಕಿಯ ಕೆಳಕ್ಕೆ ಬರುತ್ತವಂತೆ.

“ಮಣ್ಣಿಗೆ ಜೀವ ಇಲ್ಲ ನೀಲಾ. ಮೂರು ವರ್ಷ ಶುಂಠಿಯವರಿಗೆ ಗೇಣಿಗೆ ಕೊಟ್ವಿ, ಅವರು ಹಿಂಡಿ ಹೋದ್ರು. ಆಮೇಲೆ ಎಷ್ಟು ಯೂರಿಯಾ ಸುರಿದ್ರೂ ತೆನೆ ಹೆಬ್ಬೆಟ್ಟಿನಷ್ಟು. ಕುರಿ ಮಲಗಿದ ಹೊಲ ಎದ್ದು ಕೂರ್ತದೆ, ನೋಡ್ತಿರು” ಎನ್ನುತ್ತಾರೆ.

ಮತ್ತೆ ಶುಂಠಿಗೇ ಕೊಟ್ಟರೆ ಏನು ನಷ್ಟ? ಇವರ ತಮ್ಮನ ಮಗ ಚನ್ನೇಶ ಒಂದು ವರ್ಷದಿಂದ ಅದನ್ನೇ ಹೇಳುತ್ತಿದ್ದಾನೆ. ಇವರು ಅವನಿಗೂ ಮಾತು ಕೊಟ್ಟು ಕೂತಿದ್ದಾರೆ: “ಈ ಸಲ ಮೆಕ್ಕೆಜೋಳ ಕೈ ಹಿಡೀಲಿಲ್ಲ ಅಂದ್ರೆ ಹೊಲ ಶುಂಠಿಗೆ ಕೊಡ್ಸು, ನಾ ತುಟಿ ಪಿಟಕ್ ಅನ್ನಲ್ಲ.” ಬೇಗ ಹಾಗೇ ಆಗಲಿ. ಶುಂಠಿಯವರು ಬೇಲಿ ಹಾಕಿಕೊಂಡು ತಮ್ಮ ಪಾಡಿಗೆ ಇರುತ್ತಾರೆ, ನಮ್ಮ ಊಟದ ತಟ್ಟೆಯವರೆಗೆ ಬರುವುದಿಲ್ಲ.

ಫೆಬ್ರವರಿ 8, ಶನಿವಾರ

ಉಜ್ಜಪ್ಪನ ಹೆಂಡತಿ ಹೂವಮ್ಮ ನೀರಿಗೆ ಬಂದಳು. ಹೆಸರು ನೋಡಿ, ಹೂವಮ್ಮ! ಅವಳು ಗೇಟಿನಲ್ಲಿದ್ದಾಗಲೇ ಒಳಗಿನ ಊದಿನಕಡ್ಡಿಯ ವಾಸನೆ ಸತ್ತಿತು.

“ಅಮ್ಮಾರೆ, ಒಂದೀಟು ನೀರು ಹಿಡಕೊಳ್ಳಲೇನ್ರಿ?”

ಹೊರಗಿನ ನಲ್ಲಿಯಲ್ಲಿ ಹಿಡಿದುಕೋ ಎಂದೆ. ಕೊಡ ತುಂಬಿಸಿಕೊಂಡು ಹೋದಳು ಎಂದುಕೊಂಡು ಹೊರಗೆ ಬಂದು ನೋಡಿದರೆ, ಕುರಿಮರಿಯನ್ನು ಕಾಲ ಸಂದಿಯಲ್ಲಿ ಇರುಕಿಕೊಂಡು ಅದರ ಹಿಂಭಾಗ ತೊಳೆಯುತ್ತಿದ್ದಾಳೆ. ನಾವು ಕಾಲು ತೊಳೆದು ಒಳಗೆ ಬರುವ ನಲ್ಲಿಯಲ್ಲಿ! ಹಸಿರು ಹಸಿರಾಗಿ ನೀರು ನನ್ನ ತುಳಸಿಕಟ್ಟೆಯ ಕಡೆಗೇ ಹರಿಯಿತು.

“ಅಯ್ಯೋ, ಇಲ್ಲಿ ಯಾಕಮ್ಮ ತೊಳೀತೀಯ?”

“ಬೇದಿ ಆಗೇತ್ರಿ ಇದಕ್ಕ. ತೊಳೀಲಿಲ್ಲ ಅಂದ್ರ ನೊಣ ಕೂತು ಹುಳ ಬೀಳ್ತಾವು.”

ಹುಳ! ಮಧ್ಯಾಹ್ನದ ಊಟ ನನಗೆ ಸೇರಲಿಲ್ಲ. ಇವರು ಮಾತ್ರ ಎರಡು ರೊಟ್ಟಿ ಜಾಸ್ತಿ ತಿಂದರು. ನಾನು ಸಾರಿಗೆ ಒಗ್ಗರಣೆ ಹಾಕುವಾಗಲೂ ಮೂಗಿಗೆ ಸೆರಗು ಕಟ್ಟಿಕೊಂಡಿದ್ದೆ. ಕಳ್ಳಿಯಂತೆ ನನ್ನ ಮನೆಯಲ್ಲಿ ನಾನು.

ಫೆಬ್ರವರಿ 11, ಮಂಗಳವಾರ

ಚನ್ನೇಶ ಬಂದಿದ್ದ. ಅವನ ಹೊಲ ನಮ್ಮ ಬದುವಿಗೆ ಹತ್ತಿದ್ದೇ. ಬೈಕಿನಿಂದ ಇಳಿಯುವ ಮೊದಲೇ ಕರ್ಚೀಫು ಮೂಗಿಗೆ ಬಂತು.

“ದೊಡ್ಡಮ್ಮ, ಈ ನಾತದಾಗೆ ಹೆಂಗ್ ಇದೀರಿ ನೀವು? ನಾನಾಗಿದ್ರೆ ಮನೆ ಬಿಟ್ಟು ಓಡ್ತಿದ್ದೆ.”

ಅಂತೂ ಈ ಮನೆತನದಲ್ಲಿ ಬುದ್ಧಿ ನೆಟ್ಟಗಿರುವ ಒಬ್ಬನಾದರೂ ಇದ್ದಾನೆ. ಕಾಫಿ ಕೊಟ್ಟೆ. ಹೋಗುವಾಗ ಬದುವಿನ ಮೇಲೆ ಬಹಳ ಹೊತ್ತು ನಿಂತು, ಕುರಿ ಮಲಗಿ ಎದ್ದ ಜಾಗವನ್ನು ಬೂಟಿನ ತುದಿಯಿಂದ ಕೆದಕಿ ಕೆದಕಿ ನೋಡುತ್ತಿದ್ದ. ಪಾಪ, ಅವನಿಗೂ ವಾಕರಿಕೆ ಬಂದಿರಬೇಕು.

ಫೆಬ್ರವರಿ 13, ಗುರುವಾರ

ದಿಂಬಿನ ಮೇಲೆ ಒಂದು ಉಣುಗು. ರಕ್ತ ಕುಡಿದು ಅವರೆಕಾಳಿನಷ್ಟು ಊದಿತ್ತು. ಯಾರ ರಕ್ತವೋ. ಇಂದು ಇನ್ನೇನೂ ಬರೆಯಲಾರೆ.

ಫೆಬ್ರವರಿ 15, ಶನಿವಾರ

ಬಲೆ ಹೊಲದ ನಡುವಿಗೆ ಬಂದಿದೆ. ಈಗ ಅವುಗಳ ಕೆಮ್ಮೂ ಕೇಳಿಸುತ್ತದೆ. ಕುರಿ ಮನುಷ್ಯರ ಹಾಗೇ ಕೆಮ್ಮುತ್ತದೆಂದು ನನಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ.

ಕಪ್ಪು ಮುಸುಡಿಯ ಒಂದು ಕುರಿ ಮೇಯಲು ಹೋಗದೆ ಹಿಂದೆ ಉಳಿಯುತ್ತದೆ. ಬಸುರಿಯಂತೆ. ನಾನು ರೊಟ್ಟಿ ತಟ್ಟುವ ಹೊತ್ತಿಗೆ ಸರಿಯಾಗಿ ಕಿಟಕಿಯ ಹತ್ತಿರ ಬಂದು ನಿಂತು, ಮೂಗು ಸುರಿಸಿಕೊಂಡು, ನನ್ನ ಮುಖವನ್ನೇ ನೋಡುತ್ತದೆ. ಅಸಹ್ಯ. ತೊಲಗಲಿ ಎಂದು ಬಾಳೆಹಣ್ಣಿನ ಸಿಪ್ಪೆ ಎಸೆದೆ. ತಿಂದು ಮತ್ತೆ ನಿಂತಿತು. ನಿನ್ನೆಯೂ ಹಾಗೇ ಮಾಡಿತ್ತು. ನಾಚಿಕೆಯಿಲ್ಲದ ಪ್ರಾಣಿ. ಸಿಪ್ಪೆ ಮುಗಿದಿತ್ತು, ಕೊನೆಗೆ ಹಣ್ಣನ್ನೇ ಎಸೆಯಬೇಕಾಯಿತು.

ಫೆಬ್ರವರಿ 17, ಸೋಮವಾರ

ಇಂದು ತಾಳ್ಮೆ ಮುಗಿಯಿತು. ನನ್ನ ಜೊತೆ ಶಾಲೆಯಲ್ಲಿ ಕೆಲಸ ಮಾಡಿದ ಟೀಚರೊಬ್ಬರು ಇವರ ಕಾಲು ನೋಡಲು ಬಂದಿದ್ದರು. ಕಾಫಿ ಲೋಟದ ಅಂಚಿನಲ್ಲಿ ನೊಣ. “ಇರಲಿ ಮೇಡಂ, ಈಗಷ್ಟೇ ಕುಡಿದು ಬಂದೆ” ಎಂದು ಲೋಟ ಕೆಳಗಿಟ್ಟು ಎದ್ದರು. ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ನನ್ನ ಶಾಲೆಯ ಶೌಚಾಲಯ ನೋಡಿ ತಪಾಸಣೆಗೆ ಬಂದ ಸಾಹೇಬರೇ ಹೊಗಳಿದ್ದರು. ಈಗ ನನ್ನ ಪಡಸಾಲೆಯಲ್ಲಿ ಒಬ್ಬರು ಕಾಫಿ ಕುಡಿಯುವ ಹಾಗಿಲ್ಲ. ಮರ್ಯಾದೆ ಹೋಯಿತು.

ಅವರು ಹೋದ ಮೇಲೆ ಬಚ್ಚಲಿನಲ್ಲಿದ್ದ ಫಿನಾಯಿಲ್ ಕ್ಯಾನನ್ನು ಪೂರ್ತಿ ಬಕೆಟ್ಟಿಗೆ ಸುರಿದು ನೀರು ಬೆರೆಸಿದೆ. ಇವತ್ತು ಸಂಜೆ ಬಲೆ ಕಟ್ಟಲು ಗೂಟ ಹೊಡೆದಿಟ್ಟ ಜಾಗಕ್ಕೆ ನಾನೇ ಹೋಗಿ ಚೊಂಬಿನಲ್ಲಿ ಚಿಮುಕಿಸಿದೆ, ಒಂದು ಮೂಲೆಯನ್ನೂ ಬಿಡದೆ. ಉಜ್ಜಪ್ಪ ಮಂದೆಯ ಜೊತೆ ಹೋಗಿದ್ದ, ಹೂವಮ್ಮ ಸಂತೆಗೆ ಹೋಗಿದ್ದಳು. ಯಾರಿಗೂ ಹೇಳಲಿಲ್ಲ. ಶುಚಿ ಮಾಡಲು ಯಾರ ಅಪ್ಪಣೆ ಬೇಕು?

ಆಹಾ, ಎಷ್ಟು ದಿನದ ಮೇಲೆ ನೆಟ್ಟಗೆ ಉಸಿರಾಡಿದೆ.

ಫೆಬ್ರವರಿ 18, ಮಂಗಳವಾರ

ಕುರಿಗಳು ಮಲಗಲಿಲ್ಲವಂತೆ. ರಾತ್ರಿಯಿಡೀ ನಿಂತೇ ಇದ್ದವಂತೆ. ಅರಚಾಟ ನನಗೂ ಕೇಳಿಸಿತ್ತು, ತೋಳವೋ ನಾಯಿಯೋ ಬಂದಿರಬೇಕೆಂದು ಮಗ್ಗುಲು ಬದಲಿಸಿದ್ದೆ.

ಬೆಳಿಗ್ಗೆ ಉಜ್ಜಪ್ಪ ಬಂದ. ಮೆಟ್ಟಿಲು ಹತ್ತಲಿಲ್ಲ. ಮಂಚದ ಮೇಲಿದ್ದ ಇವರಿಗೆ ಕೆಳಗಿನಿಂದಲೇ ಹೇಳಿದ.

“ಯಜಮಾನ್ರೆ, ಕುರಿ ಮಲಗಿಲ್ರಿ. ಬಸರಿ ಕುರಿ ಅದಾವು, ಹಿಂಗ ನಿಂತ್ರ ಕಂದು ಹಾಕ್ತಾವು. ನಾವು ಹೊಂಟ್ವಿ.”

“ಯಾಕಪ್ಪ, ಏನಾಯ್ತು?” ಇವರಿಗೆ ಏನೂ ಗೊತ್ತಿಲ್ಲ.

ಉಜ್ಜಪ್ಪ ನನ್ನ ಕಡೆ ತಿರುಗಿದ. ಜಗಳ ಮಾಡುತ್ತಾನೆಂದು ನಾನು ಸೆರಗು ಬಿಗಿದು ತಯಾರಾಗಿದ್ದೆ. ಅವನು ದನಿ ಏರಿಸಲಿಲ್ಲ.

“ವಾಸನಿ ಆಗ್ತೈತಿ ಅಂತ ಬಾಯಿಬಿಟ್ಟು ಹೇಳಿದ್ರ ನಾವಾ ಹೋಗ್ತಿದ್ವಿ ಅಮ್ಮಾರೆ. ಮಲಗೋ ಜಾಗಕ್ಕ ಹಂಗ ಹಾಕಬಾರದ್ರಿ.”

ಸೊಂಟದ ಚೀಲದಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ಗೇಟಿನ ಕಂಬದ ಮೇಲಿಟ್ಟು ಹೋದ. ಕೊಟ್ಟ ವೀಳ್ಯ ವಾಪಸು. ನಮ್ಮ ಮನೆಗೆ ಇಂಥದ್ದು ಇದೇ ಮೊದಲು.

ಇವರದು ಒಂದೇ ಮಾತು: “ಹೊಲಕ್ಕೂ ಸ್ನಾನ ಮಾಡ್ಸಿದ್ಯಾ ಟೀಚರಮ್ಮ?” ಈ ಸಲ ನಗಲಿಲ್ಲ.

ಶುಚಿ ಮಾಡಿದ್ದೇ ತಪ್ಪಾಯಿತಂತೆ. ಕುರಿಗೂ ಮಾನ ಮರ್ಯಾದೆ ಬಂದಿದೆ ಈ ಕಾಲದಲ್ಲಿ. ನನಗಂತೂ ಏನೂ ಅನಿಸಲಿಲ್ಲ. ಆ ಎಲೆ ಅಡಿಕೆಯನ್ನು ಕಂಬದ ಮೇಲಿಂದ ತೆಗೆಯಲು ಮಾತ್ರ ಮನಸ್ಸಾಗುತ್ತಿಲ್ಲ. ಒಣಗಿ ತಾನೇ ಹಾರಿಹೋಗಲಿ.

ಫೆಬ್ರವರಿ 19, ಬುಧವಾರ

ಎಲ್ಲಿಗೆ ಹೋಗಿದೆ ಮಂದೆ? ಬದು ದಾಟಿ ಆಚೆಗೆ. ಚನ್ನೇಶನ ಹೊಲಕ್ಕೆ!

ಅವನೇ ನಿಂತು ಬಲೆ ಕಟ್ಟಿಸುತ್ತಿದ್ದ. ಕರ್ಚೀಫು ಎಲ್ಲಿ ಹೋಯಿತೋ, ಬರಿಗೈಯಲ್ಲಿ ಟಗರಿನ ಕೊಂಬು ಹಿಡಿದು ಎಳೆಯುತ್ತಿದ್ದ. ಬದುವಿಗೆ ಹೋಗಿ ಕೂಗಿದೆ.

“ಏನೋ ಇದು ಚನ್ನೇಶ?”

“ಬಿಟ್ಟು ಹೊಂಟಿದ್ರು ದೊಡ್ಡಮ್ಮ. ಪಾಪ ಅನ್ನಿಸ್ತು, ಕರೆದೆ.”

ಪಾಪವಂತೆ! ಮೊನ್ನೆ ಬೂಟಿನಲ್ಲಿ ಕೆದಕಿದ್ದು ವಾಕರಿಕೆಗಲ್ಲ, ಹಿಕ್ಕೆ ಎಷ್ಟು ದಪ್ಪ ಬಿದ್ದಿದೆ ಎಂದು ನೋಡಲು. ನಮ್ಮ ಹೊಲ ಶುಂಠಿಗೆ, ಅವನ ಹೊಲಕ್ಕೆ ಕುರಿ. ನನ್ನ ಕೈಯಿಂದ ಕಾಫಿ ಕುಡಿದು, ನನ್ನ ಮೂಗಿಗೆ ಕನಿಕರ ತೋರಿಸಿ, ಎಂಥ ನಾಟಕ. ಕುರಿ ನಾತ ತೊಳೆದರೆ ಹೋಗುತ್ತದೆ. ಇದು ಯಾವ ಫಿನಾಯಿಲ್‌ಗೂ ಹೋಗುವಂಥದ್ದಲ್ಲ.

ಗಾಳಿ ಅಲ್ಲಿಂದ ಇಲ್ಲಿಗೇ ಬೀಸುತ್ತದೆ. ನಾತ ನಮಗೆ, ಗೊಬ್ಬರ ಅವನಿಗೆ. ಥೂ, ಥೂ, ಥೂ.

ಫೆಬ್ರವರಿ 26, ಶಿವರಾತ್ರಿ

ಉಪವಾಸ. ಮಂದೆ ನಿನ್ನೆ ಹೊರಟುಹೋಯಿತು. ಮನೆ ಶುಚಿಯಾಗಿದೆ, ನೊಣ ಇಲ್ಲ, ಊದಿನಕಡ್ಡಿ ಊದಿನಕಡ್ಡಿಯ ಹಾಗೇ ನಾರುತ್ತಿದೆ.

ಆ ಕಪ್ಪು ಮುಸುಡಿಯದು ಈದಿತೋ, ಕಂದು ಹಾಕಿತೋ. ಹೇಳುವವರು ಯಾರು? ಚನ್ನೇಶನನ್ನು ಕೇಳಲು ನನಗೇನು ತಲೆ ಕೆಟ್ಟಿದೆಯೇ.

ಬಾಳೆಹಣ್ಣು ಸುಮ್ಮನೆ ಕೊಳೆಯುತ್ತಿವೆ.

ಜೂನ್ 14, ಶನಿವಾರ

ಮೆಕ್ಕೆಜೋಳ ಬಿತ್ತಿ ಆಯಿತು. ಇವರು ಕೋಲು ಹಿಡಿದು ಬದುವಿನ ಮೇಲೆ ಕೂತು ಬಿತ್ತಿಸಿದರು. ಇಡೀ ಹೊಲಕ್ಕೆ ಒಂದೇ ಬೀಜ, ಒಂದೇ ಗೊಬ್ಬರ. ಆ ಅರ್ಧ ಈ ಅರ್ಧ ಎಂಬ ಮಾತನ್ನೇ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಜುಲೈ 24, ಗುರುವಾರ

ಗೆರೆ ಎಳೆದ ಹಾಗೆ ಕಾಣುತ್ತಿದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ, ರಸ್ತೆಯಲ್ಲಿ ಹೋಗುವ ಬಸ್ಸಿನ ಜನಕ್ಕೂ ಕಾಣುತ್ತಿದೆ.

ಹೊಲದ ಆಚೆ ಅರ್ಧ ಎದೆಯೆತ್ತರ, ಕಪ್ಪಗಿನ ಹಸಿರು, ಎಲೆ ಒಂದೊಂದೂ ಅಂಗೈಯಗಲ. ಈಚೆ ಅರ್ಧ, ನನ್ನ ಕಿಟಕಿಯ ಕಡೆಯದು, ಮೊಳಕಾಲೆತ್ತರ, ಕಾಮಾಲೆ ಬಂದವರ ಬಣ್ಣ. ನಡುವೆ ನೇರ ಗೆರೆ. ಆ ಗೆರೆ ಎಲ್ಲಿ ಬಿತ್ತೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಇಂದು ಯಾರೋ ಬೈಕು ನಿಲ್ಲಿಸಿ ಇವರನ್ನು ಕೇಳಿದರು. “ಏನ್ ಗೌಡ್ರೆ, ಎರಡು ತಳಿ ಹಾಕೀರಾ?”

“ಇಲ್ಲಪ್ಪ, ತಳಿ ಒಂದೇ. ಆಚೆಗಿರೋದು ಉಜ್ಜಪ್ಪನ ಹೊಲ, ಈಚೆಗಿರೋದು ನಮ್ಮ ಟೀಚರಮ್ಮಂದು.”

ಇಬ್ಬರೂ ನಕ್ಕರು. ನಾನು ಬಟ್ಟೆ ತೆಗೆಯುತ್ತಿದ್ದೆ. ಇನ್ನೂ ಒಣಗಿರಲಿಲ್ಲ, ಆದರೂ ತೆಗೆದುಕೊಂಡು ಒಳಗೆ ಬಂದೆ. ಮೈಯೆಲ್ಲ ಉರಿಯಿತು. ಬದುವಿನ ಆಚೆ ಚನ್ನೇಶನ ಹೊಲ ನೋಡಿದರೆ ಇನ್ನೂ ಉರಿ. ಆನೆ ನುಗ್ಗಿದರೂ ಕಾಣದಂತೆ ಬೆಳೆದಿದೆ, ಹಾಳಾದ್ದು.

ನವೆಂಬರ್ 9, ಭಾನುವಾರ

ತೆನೆ ಮುರಿದು ಆಯಿತು. ಆಚೆ ಅರ್ಧದ ತೆನೆ ಒಂದು ಕೈಯಲ್ಲಿ ಹಿಡಿಯಲಾಗದು. ಈಚೆ ಅರ್ಧದ್ದು ಹೋದ ವರ್ಷದಂತೆ ಹೆಬ್ಬೆಟ್ಟು.

ಒಕ್ಕಣೆ ಮುಗಿಯುವುದನ್ನೇ ಕಾಯುತ್ತಿದ್ದವನಂತೆ ಚನ್ನೇಶ ಬಂದ. ಜೊತೆಗೆ ಶುಂಠಿಯವರ ಕಡೆಯ ಒಬ್ಬ, ಬಂದವನೇ ಚಪ್ಪಲಿ ಹಾಕಿಕೊಂಡು ಹೊಲದೊಳಗೆ ನಡೆದು ಅಳತೆ ನೋಡುತ್ತಿದ್ದ.

“ದೊಡ್ಡಪ್ಪ, ಮಾತು ಕೊಟ್ಟಿದ್ರಿ. ಬೆಳೆ ಕೈ ಹಿಡೀಲಿಲ್ಲ.”

ಇವರು ಮಾತಿಗೆ ತಪ್ಪುವವರಲ್ಲ. ತುಟಿ ಬಿಗಿದು ಕೂತರು. ಕಣ್ಣು ಮಾತ್ರ ಆಚೆ ಅರ್ಧದ ಕೂಳೆಯ ಮೇಲಿತ್ತು. ಆ ಮುಖ ನೋಡಿ ನನಗೆ ಸಂಕಟವಾಯಿತು. ಬಾಯಿ ನಂದೇ ತೆರೆಯಿತು.

“ಅರ್ಧ ಹೊಲ ಪಾಸಾಗಿದೆ ಚನ್ನೇಶ. ಇನ್ನರ್ಧ ಪರೀಕ್ಷೆಗೇ ಕೂತಿಲ್ಲ. ಪರೀಕ್ಷೆಗೆ ಕೂರದವರನ್ನ ಫೇಲ್ ಮಾಡೋ ಪದ್ಧತಿ ನನ್ನ ಶಾಲೇಲಿ ಇರಲಿಲ್ಲ.”

“ಹಂಗಂದ್ರೆ?”

“ಮುಂದಿನ ವರ್ಷ ಇಡೀ ಹೊಲ ಬರಲಿಲ್ಲ ಅಂದ್ರೆ ತಗೊಂಡು ಹೋಗು. ನಾನೇ ಕೊಡಿಸ್ತೀನಿ.”

ಅವನು ನಕ್ಕ. “ಕುರಿ ಸಿಗಬೇಕಲ್ಲ ದೊಡ್ಡಮ್ಮ. ಉಜ್ಜಪ್ಪನಿಗೆ ನಾನು ಆಗಲೇ ಹೇಳಿಟ್ಟೀನಿ. ಬೇರೆ ಮಂದೆಯೋರೂ ನಿಮ್ಮ ಹೊಲ ಅಂದ್ರೆ ಮೂಗು ಮುಚ್ಕೋತಾರೆ.”

ಎಲ್ಲರಿಗೂ ಹೇಳಿಕೊಂಡು ಬಂದಿದ್ದಾನೆ, ಫಿನಾಯಿಲ್ ಕಥೆಯನ್ನು! ಇಂಥವನ ಮುಖ ನೋಡುವುದಕ್ಕಿಂತ ಕುರಿಯ ಹಿಂಭಾಗ ನೋಡುವುದು ವಾಸಿ. ಅವರಿಬ್ಬರಿಗೂ ಕಾಫಿ ಕೊಡಲಿಲ್ಲ. ಆ ಶುಂಠಿಯವನಿಗೆ ಚಪ್ಪಲಿ ಬಿಟ್ಟು ನಡೆ ಎಂದೂ ಹೇಳಿದೆ.

ಜನವರಿ 4, ಭಾನುವಾರ

ಉಜ್ಜಪ್ಪನ ಮಂದೆ ಸೊರಬದ ಕಡೆ ಕುಪ್ಪಗಡ್ಡೆಯಲ್ಲಿದೆ ಎಂದು ತಿಳಿಯಿತು. ಇವರಿಗೆ ಗದ್ದೆ ಬದುವಿನ ಮೇಲೆ ಇನ್ನೂ ಕಾಲು ನಿಲ್ಲುವುದಿಲ್ಲ. ನಾನೇ ಬಸ್ಸು ಹತ್ತಿ ಹೋದೆ. ಸೆರಗಿನಲ್ಲಿ ಎಲೆ ಅಡಿಕೆ. ಹಿಂದಿನ ಸೀಟಿನವನು ದಾರಿಯಿಡೀ ಗುಟ್ಕಾ ಉಗಿಯುತ್ತ ಬಂದ, ಥೂ, ಇಂಥವರಿಗೆ ಯಾರೂ ಫಿನಾಯಿಲ್ ಹಾಕುವುದಿಲ್ಲ.

ಭತ್ತ ಕೊಯ್ದ ಗದ್ದೆಯಲ್ಲಿ ಬಲೆ ಕಟ್ಟಿತ್ತು. ಹೂವಮ್ಮ ನನ್ನನ್ನು ದೂರದಿಂದಲೇ ಗುರುತು ಹಿಡಿದಳು. “ಅಯ್ಯ, ಅಮ್ಮಾರು ಬಂದಾರ” ಎಂದು ಕಂಬಳಿ ಹಾಸಿದಳು. ಆ ಕಂಬಳಿ! ಕೂತೆ. ಏನು ಮಾಡುವುದು, ನಿಂತೇ ಮಾತಾಡಿದರೆ ತಪ್ಪಾಗುತ್ತದೆ. ಕೂತ ಕೂಡಲೇ ಒಂದು ಬೆಳೆದ ಮರಿ ಬಂದು ತೊಡೆಗೆ ಒತ್ತಿ ನಿಂತು, ಸೀರೆಯ ಮೇಲೆ ಉಚ್ಚೆ ಹೊಯ್ಯಿತು. ಇಳಕಲ್ ಸೀರೆ. ಕಪ್ಪು ಮುಸುಡಿ ಅದಕ್ಕೂ. “ಅದರ ಮಗಳಾ ಇದು?” ಎಂದೆ. “ಹೌದ್ರಿ, ನಿಮ್ಮ ಕಿಟಕ್ಯಾಗ ನಿಲ್ತಿತ್ತಲ್ಲ, ಅದರದಾ” ಎಂದಳು. ಈದಿದೆ ಹಾಗಾದರೆ.

ಉಜ್ಜಪ್ಪ ಎದುರಿಗೆ ಕೂತ. ವೀಳ್ಯವನ್ನು ಮುಂದಿಟ್ಟೆ. ಮುಟ್ಟಲಿಲ್ಲ.

“ಚನ್ನೇಶಪ್ಪಾರು ಹೇಳ್ಯಾರ್ರಿ.”

“ಹೇಳಿದ್ದಾನೋ, ವೀಳ್ಯ ಕೊಟ್ಟಿದ್ದಾನೋ?”

“ಫೋನಿನ್ಯಾಗ ಹೇಳ್ಯಾರ.”

“ಫೋನಲ್ಲಿ ಎಲೆ ಬರುತ್ತಾ?”

ಹೂವಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಉಜ್ಜಪ್ಪ ನಗಲಿಲ್ಲ.

“ಮತ್ತ ವಾಸನಿ ಬರ್ತೈತಲ್ರಿ ಅಮ್ಮಾರೆ.”

“ಬರುತ್ತೆ. ಈಗಲೂ ಬರ್ತಿದೆ, ವಾಕರಿಕೆನೂ ಬರ್ತಿದೆ, ಸುಳ್ಳು ಯಾಕೆ ಹೇಳಲಿ. ಮೂಗು ನಂದಪ್ಪ. ಹೊಲ ಏನು ತಪ್ಪು ಮಾಡ್ತು?”

ಅವನು ಕತ್ತು ಬಗ್ಗಿಸಿ ಮಣ್ಣನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಹೇಳಿದವಳು ಅವಳು.

“ಈ ಸಲ ಆ ತುದಿಯಿಂದ ಬರಂಗಿಲ್ರಿ. ನಿಮ್ಮ ಅಡಗಿಮನಿ ಕಿಟಕಿ ಕೆಳಗಿಂದ ಚಾಲೂ ಮಾಡ್ತೀವಿ. ಮೊದಲನೇ ರಾತ್ರಿ ಅಲ್ಲೇ. ಆಗಬಹುದೇನು?”

“ಆಗಲಿ” ಎಂದೆ. ಉಜ್ಜಪ್ಪ ಎಲೆ ಎತ್ತಿಕೊಂಡ.

ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಒಬ್ಬಳು ಹುಡುಗಿ ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡು ಎದ್ದುಹೋದಳು. ಎಂಥ ನಾಜೂಕು! ಇವರೆಲ್ಲ ತಿನ್ನುವ ಅನ್ನ ಆಕಾಶದಿಂದ ಬೀಳುತ್ತದೆ ಅಂದುಕೊಂಡಿದ್ದಾರೆ.

ಜನವರಿ 22, ಗುರುವಾರ

ಮಂದೆ ನಿನ್ನೆ ಬಂತು. ಹೇಳಿದ ಹಾಗೆ ಮೊದಲ ರಾತ್ರಿ ಕಿಟಕಿಯ ಕೆಳಗೆ. ನಾತ ಎಂದರೆ ನಾತ. ಹಾಲು, ಮೊಸರು, ದೇವರ ಹೂವು, ಯಾವುದೂ ಉಳಿದಿಲ್ಲ. ಬೆಳಿಗ್ಗೆ ಬದುವಿನ ಮೇಲೆ ನಿಂತು ಚನ್ನೇಶ “ಹೆಂಗೈತೆ ದೊಡ್ಡಮ್ಮ ಗಾಳಿ?” ಎಂದ. “ನಿನಗಿಂತ ಮೇಲು” ಎಂದೆ. ಹೋದ.

ಆದರೆ ಈ ಉಜ್ಜಪ್ಪನಿಗೆ ಕೆಲಸದಲ್ಲಿ ಶ್ರದ್ಧೆ ಎಂಬುದೇ ಇಲ್ಲ, ಥೂ. ಅವು ಮೇಯಲು ಹೋದ ಮೇಲೆ ಇಣುಕಿ ನೋಡುತ್ತೇನೆ, ಗೋಡೆಯ ಬುಡದಿಂದ ಒಂದು ಮಂಚದಗಲ ಜಾಗದಲ್ಲಿ ಒಂದು ಹಿಕ್ಕೆಯೂ ಇಲ್ಲ. ಬಲೆಯನ್ನೇ ದೂರ ಕಟ್ಟಿದ್ದಾನೆ! ಸಂಜೆ ಬಂದವನೇ ಗೂಟ ಕಿತ್ತು ಪಕ್ಕಕ್ಕೆ ಸರಿಸಲು ಹೊರಟಿದ್ದ. ಓಡಿಹೋಗಿ ತಡೆದೆ.

“ಇಲ್ಲಿ ಯಾಕೆ ಬಿಟ್ಟೆ?”

“ನಿಮಗ ತ್ರಾಸ ಆಗಬಾರದು ಅಂತ ಒಂದೀಟು ಬಿಟ್ಟೀನ್ರಿ ಅಮ್ಮಾರೆ.”

“ಯಾರು ಕೇಳಿದ್ರು ನಿನ್ನ? ಇಲ್ಲಿ ಬೆಳೆ ಬೇಡವಾ ನಮಗೆ? ಇವತ್ತೂ ಇಲ್ಲೇ ಮಲಗಲಿ. ಗೋಡೆಗೆ ಹತ್ತಿಸಿ ಕಟ್ಟು.”

ಅವನ ಕೈಯಿಂದ ಗೂಟ ಕಿತ್ತುಕೊಂಡು ಎಲ್ಲಿ ಹೊಡೆಯಬೇಕೆಂದು ನಾನೇ ತೋರಿಸಿದೆ. ಹೇಳಿ ಮಾಡಿಸದಿದ್ದರೆ ಈ ಲೋಕದಲ್ಲಿ ಒಂದು ಕೆಲಸವೂ ನೆಟ್ಟಗೆ ಆಗುವುದಿಲ್ಲ.

ಈಗ ಗೋಡೆಗೆ ಮೈ ಉಜ್ಜಿಕೊಂಡು ಮಲಗಿವೆ. ಒಂದು ಕೆಮ್ಮುತ್ತಿದೆ, ಇನ್ನೊಂದು ಸೀನುತ್ತಿದೆ, ಧೂಳು ಬೇರೆ. ಅಸಹ್ಯ, ಅಸಹ್ಯ. ಇವರು ಮಂಚದಿಂದಲೇ “ಕಿಟಕಿ ಮುಚ್ಚಲಾ?” ಎಂದು ಕೇಳಿದರು. ಎಂಥ ಪ್ರಶ್ನೆ! ಮುಚ್ಚಿದರೆ ಆ ಮೂಲೆಯಲ್ಲಿ ಮಲಗಿವೆಯೋ ಇಲ್ಲವೋ ನನಗೆ ಹೇಗೆ ಕಾಣಬೇಕು?